ನೊರೆ ಕಾರಿದ ಎತ್ತು

ವಾಂತಿ ಬಂದಿದ್ದು ಎರಡನೇ ದಿನ. ಮೊದಲ ದಿನ ಫೀ ಕಟ್ಟಿ, ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಡೆದು, ಕನ್ನಡಿಯಲ್ಲಿ ಹೊಟ್ಟೆ ನೋಡಿಕೊಂಡು ಮನೆಗೆ ಬಂದಿದ್ದೆ. ಎರಡನೇ ದಿನ ಕಾಲಿನ ಸರದಿ. ಜಿಮ್ಮಿನ ಹುಡುಗರು 'ಇವತ್ತು ಲೆಗ್ ಡೇ' ಎಂದು ಹಬ್ಬದ ಹೆಸರು ಹೇಳಿದಂತೆ ಹೇಳುತ್ತಿದ್ದರು.

ಮಾರ್ಚ್ ತಿಂಗಳ ಕೊನೆ. ರಾಯಚೂರಿನ ಮಾರ್ಚ್ ಅಂದರೆ ಬೇರೆ ಊರಿನವರ ಮೇ. ಜಿಮ್ ಇದ್ದಿದ್ದು ಮೂರನೇ ಮಹಡಿಯಲ್ಲಿ, ಮೇಲೆ ತಗಡಿನ ಶೀಟು. ಹಗಲೆಲ್ಲ ಕಾದ ತಗಡು ಸಂಜೆ ಆರಾದರೂ ಆರಿರಲಿಲ್ಲ. ನನ್ನ ಹೆಗಲ ಮೇಲೆ ಕಬ್ಬಿಣದ ರಾಡು ಇಟ್ಟರು. ಎರಡೂ ಕಡೆ ಹತ್ತತ್ತು ಕೆಜಿ ಪ್ಲೇಟು. 20 ಕೆಜಿ ಅಂದುಕೊಂಡೆ. ರಾಡೇ 20 ಕೆಜಿ ತೂಗುತ್ತದೆ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನಾ ಲೋಡುಗಟ್ಟಲೆ ಭತ್ತದ ತೂಕ ಬರೆಯುವ ಮನುಷ್ಯ ನಾನು!

ಹದಿನೈದು ಸಲ ಕೂತು ಏಳು. ಒಂದು ನಿಮಿಷ ಬಿಟ್ಟು ಮತ್ತೆ ಹದಿನೈದು. ಮೂರನೇ ಸುತ್ತಿನಲ್ಲಿ ಆಕಳಿಕೆ ಬಂತು. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ ಹುಣಸೆಹಣ್ಣು ನೋಡಿದಾಗ ಬರುವ ಹಾಗೆ ಬಾಯಿ ತುಂಬ ನೀರು. ಹಣೆಯ ಬೆವರು ಇದ್ದಕ್ಕಿದ್ದಂತೆ ತಣ್ಣಗಾಯಿತು. ಜೋರಾಗಿ ಬಡಿಯುತ್ತಿದ್ದ ಹಾಡು ಬಾವಿಯೊಳಗಿಂದ ಕೇಳಿಸತೊಡಗಿತು. ರಾಡು ಇಟ್ಟು ಟಾಯ್ಲೆಟ್ಟಿಗೆ ಓಡಿದೆ. ಸಂಜೆ ಐದಕ್ಕೆ ತಿಂದಿದ್ದ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ, ಚಹಾ, ಎಲ್ಲವೂ ಹೊರಗೆ.

ಹೊರಬಂದರೆ ಚಪ್ಪಾಳೆ. "ಅಣ್ಣ, ಇವತ್ತು ಖರೇ ವರ್ಕೌಟ್ ಆತು ನೋಡ್ರಿ!" ತರಬೇತಿ ಕೊಡುವ ಹುಡುಗ ಬೆನ್ನು ತಟ್ಟಿದ. "ಮೊದಲ ವಾರ ಎಲ್ಲಾರಿಗೂ ಆಗ್ತದ್ರಿ. ವಾಂತಿ ಬಂತಂದ್ರ ಬಾಡಿ ಕೆಲಸ ಮಾಡಕತ್ತದ ಅಂತ ತಿಳ್ಕೋರಿ."

ನಾನೂ ನಕ್ಕೆ. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಮೆಟ್ಟಿಲು ಇಳಿಯುವಾಗ ಮಾತ್ರ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಕೆಳಗೆ ಬಂದು ಪಾನ್ ಡಬ್ಬಿ ಪಕ್ಕದ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತೆ. ಸ್ಕೂಟರ್ ಕೀಲಿ ಹಾಕಲೂ ಕೈ ನಡುಗುತ್ತಿತ್ತು.

ಜಿಮ್ ಸೇರಿದ್ದು ಚಂದ ಕಾಣಲಿಕ್ಕೆ ಏನಲ್ಲ. ನನಗೀಗ 43. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಕುರ್ಚಿಗೆ ಕೂತರೆ ಊಟಕ್ಕೆ ಏಳುವುದು, ಊಟ ಆದಮೇಲೆ ಮತ್ತೆ ಅದೇ ಕುರ್ಚಿ. ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸಕ್ಕರೆ ಲೆಕ್ಕ, ಅದೇ ಎಚ್‌ಬಿಎ1ಸಿ, 6.1 ಬಂತು. 5.7ರಿಂದ 6.4ರವರೆಗೆ ಗಡಿ. 6.5 ಮುಟ್ಟಿದರೆ ಮಧುಮೇಹ. ನಾನು ಗಡಿಯ ನಡುಮಧ್ಯೆ ನಿಂತಿದ್ದೆ. ಡಾಕ್ಟರ್ ಹೇಳಿದ್ದು ನನ್ನ ಕಸುಬಿನವನಿಗೆ ತಕ್ಷಣ ಅರ್ಥವಾಗುವ ಮಾತು. "ಊಟ ಆದಮೇಲೆ ರಕ್ತಕ್ಕೆ ಬರೋ ಸಕ್ಕರೆಯ ದೊಡ್ಡ ಪಾಲು ಇಳಿಯೋದು ಸ್ನಾಯುವಿನಲ್ಲಿ. ನಿಮ್ಮ ಗೋದಾಮು ಸಣ್ಣದು, ಖಾಲಿನೂ ಆಗ್ತಿಲ್ಲ. ಮಾಲು ರಸ್ತೆ ಮೇಲೆ ನಿಂತಿದೆ." ನಡಿಗೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಭಾರದ ವ್ಯಾಯಾಮ ಮಾಡಿ ಎಂದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದೂ ಇದನ್ನೇ.

ವಾಂತಿಯ ಸುದ್ದಿಯನ್ನು ಮನೆಯಲ್ಲಿ ತಮಾಷೆ ಮಾಡಿಕೊಂಡು ಹೇಳಿದೆ. ಹೆಂಡತಿ ನಗಲಿಲ್ಲ. "ಅಪ್ಪು ಸುದ್ದಿ ಮರತ್ರೇನ್ರಿ?" ಅಂದಳು. ಅಷ್ಟೇ.

2021ರ ಅಕ್ಟೋಬರ್ 29, ಶುಕ್ರವಾರ. ಪುನೀತ್ ರಾಜ್‌ಕುಮಾರ್ ಅವರಿಗೆ ಆಗಿದ್ದು 46 ವರ್ಷ. ಆ ದಿನದ ನಂತರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಜಿಮ್ ಎಂಬ ಮಾತಿಗೆ ಅರ್ಥವೇ ಬದಲಾಯಿತು. ಹೃದಯದ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲು ನಿಂತಿದ್ದು ಎಲ್ಲರಿಗೂ ನೆನಪಿದೆ. ಹೆಂಡತಿಯ ಭಯಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಡಾಕ್ಟರ್ ಹತ್ತಿರ ಹೋದೆ.

ಇಸಿಜಿ ತೆಗೆದರು, ಬಿಪಿ ನೋಡಿದರು. ಎರಡೂ ಸರಿ ಇದ್ದವು. ಆಮೇಲೆ ಒಂದೊಂದೇ ಪ್ರಶ್ನೆ. ಎದೆ ಹಿಂಡಿದಂತೆ ಆಯಿತಾ? ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹೋಯಿತಾ? ಎಚ್ಚರ ತಪ್ಪಿತಾ? ಭಾರ ಇಳಿಸಿ ಕೂತ ಮೇಲೂ ಉಸಿರು ಹತೋಟಿಗೆ ಬರಲಿಲ್ಲವಾ? ಎಲ್ಲದಕ್ಕೂ ಇಲ್ಲ ಅಂದೆ. "ಒಂದಕ್ಕೆ ಹೌದು ಅಂದಿದ್ದರೂ ನೀವು ರಾತ್ರಿಯೆಲ್ಲ ಮಲಗಿ ಇವತ್ತು ಬಂದಿದ್ದು ತಪ್ಪಾಗ್ತಿತ್ತು. ಸೀದಾ ತುರ್ತು ಚಿಕಿತ್ಸೆಗೆ ಹೋಗಬೇಕಿತ್ತು" ಎಂದರು. ಸಕ್ಕರೆ ಇಳಿಸುವ ಕೆಲವು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದೇ ನಡುಕ, ಇದೇ ತಣ್ಣನೆ ಬೆವರು ಸಕ್ಕರೆ ಪೂರಾ ಕುಸಿದಾಗಲೂ ಬರುತ್ತದಂತೆ. ಇನ್ನೊಂದು ಮಾತನ್ನು ಬೆರಳೆತ್ತಿ ಹೇಳಿದರು. ಮೈಕೈ ನೋವು ಎರಡು ಮೂರು ದಿನ ಇರುವುದು ಮಾಮೂಲು. ಆದರೆ ನೋವು ವಿಪರೀತವಾಗಿ, ಕಾಲಿಗೆ ಬಲವೇ ಇಲ್ಲದೆ, ಮೂತ್ರ ಕಟ್ಟಾ ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬಾರದು. ರೂಢಿ ಇಲ್ಲದ ದೇಹದಿಂದ ಒಮ್ಮೆಲೇ ಅತಿಯಾಗಿ ದುಡಿಸಿದರೆ ಸ್ನಾಯು ಒಡೆದು, ಅದರೊಳಗಿನ ವಸ್ತು ಕಿಡ್ನಿಗೆ ಹೋಗಿ ಕೂರುತ್ತದೆ.

ನನ್ನದು ಅದ್ಯಾವುದೂ ಅಲ್ಲ. ಹಾಗಾದರೆ ಏನು?

ನಮ್ಮ ಮಿಲ್ಲಿನಲ್ಲಿ ದೊಡ್ಡ ಮೋಟಾರು ಶುರು ಮಾಡಿದಾಗ ಆಫೀಸಿನ ಬಲ್ಬು ಒಂದು ಕ್ಷಣ ಮಂಕಾಗುತ್ತದೆ. ಬರುವ ಕರೆಂಟು ಅಷ್ಟೇ, ದೊಡ್ಡದು ಎಳೆದುಕೊಂಡಿತು. ಹೊಟ್ಟೆಯಲ್ಲಿ ಆಗಿದ್ದೂ ಹೆಚ್ಚುಕಡಿಮೆ ಇದೇ. ತೊಡೆ ಮತ್ತು ಕುಂಡಿಯ ಸ್ನಾಯುಗಳು ಮೈಯ ಅತಿ ದೊಡ್ಡ ಮೋಟಾರುಗಳು. ಅವು ಜೋರಾಗಿ ದುಡಿದಾಗ ಹೊಟ್ಟೆ, ಕರುಳಿಗೆ ಹೋಗುವ ರಕ್ತ ತೀರಾ ಕಡಿಮೆಯಾಗುತ್ತದೆ. ಜೊತೆಗೆ ಬಿಸಿಲಿನ ಊರು. ಮೈ ತಣ್ಣಗಾಗಲು ಚರ್ಮವೂ ತನ್ನ ಪಾಲು ಕೇಳುತ್ತದೆ. ಅದೇ ಹೊತ್ತಿಗೆ ನಾನು ಹೊಟ್ಟೆಗೆ ಕೊಟ್ಟ ಕೆಲಸ ಏನು? ಎಣ್ಣೆಯಲ್ಲಿ ಮುಳುಗಿ ಎದ್ದ ಎರಡು ಮಿರ್ಚಿ. ಎಣ್ಣೆ ಪದಾರ್ಥ ಹೊಟ್ಟೆಯಿಂದ ಕೆಳಗಿಳಿಯಲು ಗಂಟೆಗಟ್ಟಲೆ ಬೇಕು. ಬಲ್ಬು ಮಂಕಾಗಿದೆ, ಗಿರಾಕಿ ಎದುರಿಗೆ ಕೂತಿದ್ದಾನೆ.

ತೋಡುತ್ತಾ ಹೋದಂತೆ ನಾನು ಅವತ್ತು ಮಾಡಿದ ತಪ್ಪುಗಳು ಸಾಲಾಗಿ ಹೊರಬಂದವು. ಕೂತು ಏಳುವಾಗ ಉಸಿರು ಬಿಗಿಹಿಡಿದಿದ್ದೆ. ಉಸಿರು ಕಟ್ಟಿ ಭಾರ ಎತ್ತಿದರೆ ಬಿಪಿ ಎಲ್ಲಿಗೋ ಹೋಗುತ್ತದೆ. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದು ಜನ ಬಾಡಿ ಬಿಲ್ಡರ್‌ಗಳ ಕೈಯ ರಕ್ತನಾಳಕ್ಕೇ ನಳಿಕೆ ಹಾಕಿ ಅಳೆದಿದ್ದರು. ಎರಡೂ ಕಾಲಿನಿಂದ ಭಾರ ತಳ್ಳುವಾಗ ಸರಾಸರಿ 320/250 ಬಂದಿತ್ತು! ನಮ್ಮ ಆಸ್ಪತ್ರೆಗಳಲ್ಲಿ 160 ಬಂದರೆ ನರ್ಸ್ ಹುಬ್ಬೇರಿಸುತ್ತಾರೆ. ಉಸಿರು ಬಿಟ್ಟ ಕೂಡಲೇ ಅದು ಸರ್ರನೆ ಇಳಿಯುತ್ತದೆ, ತಲೆ ಗಿರ್ರೆನ್ನುತ್ತದೆ. ಸುತ್ತು ಮುಗಿಸಿ ನಾನು ಕಂಬದಂತೆ ನಿಂತುಬಿಡುತ್ತಿದ್ದೆ, ಅದು ಇನ್ನೊಂದು. ಕಾಲಿನ ಸ್ನಾಯು ಹಿಂಡಿದರೆ ತಾನೇ ರಕ್ತ ಮೇಲಕ್ಕೆ ಬರುವುದು. ನಿಂತರೆ ಅಲ್ಲೇ ಕೆಳಗೆ ನಿಲ್ಲುತ್ತದೆ. ಬಾಯಾರಿಕೆಯಾಯಿತೆಂದು ಒಂದು ಬಾಟಲಿ ನೀರನ್ನು ಗಟಗಟ ಕುಡಿದಿದ್ದೂ ಹೊಟ್ಟೆಯಲ್ಲಿ ಕುಲುಕಾಡುತ್ತಿತ್ತು.

ಮತ್ತೆ ಆ ಕೆಂಪು ನೀರು. ಒಬ್ಬ ಹುಡುಗ ಪ್ರೀತಿಯಿಂದ ತನ್ನ ಬಾಟಲಿಯಿಂದ ಕೊಟ್ಟಿದ್ದ, "ಒಂದ್ ಗುಟುಕು ಹೊಡೀರಿ ಅಣ್ಣ, ಪವರ್ ಬರ್ತದ." ವ್ಯಾಯಾಮಕ್ಕೆ ಮುಂಚೆ ಕುಡಿಯುವ ಇಂಥ ಪುಡಿಗಳಲ್ಲಿ ಎಷ್ಟೋ ಬ್ರಾಂಡುಗಳು ಒಂದು ಅಳತೆಗೆ 200, 300 ಮಿಲಿಗ್ರಾಂ ಕೆಫೀನ್ ಹಾಕುತ್ತವೆ. ಆರೋಗ್ಯವಂತ ದೊಡ್ಡವರಿಗೆ ಇಡೀ ದಿನಕ್ಕೆ 400 ಮಿಲಿಗ್ರಾಂ ಸಾಕು ಅನ್ನುತ್ತಾರೆ. ಮಿಲ್ಲಿನಲ್ಲಿ ದಿನಕ್ಕೆ ಐದು ಚಹಾ ಕುಡಿಯುವವನು ನಾನು. ಪವರ್ ಬಂತು, ತಡೆಯಲಿಕ್ಕೆ ಆಗಲಿಲ್ಲ.

ಇಷ್ಟೆಲ್ಲ ತಿಳಿದರೂ ಮತ್ತೆ ಆ ಮೆಟ್ಟಿಲು ಹತ್ತುವ ಮನಸ್ಸಾಗಲಿಲ್ಲ. ಆ ವಾರ ಮಾನ್ವಿ ಕಡೆಯ ನಮ್ಮ ಸೋದರಮಾವನ ಹಳ್ಳಿಗೆ ಹೋದೆ.

ಮಾವನಿಗೆ ಎರಡು ಹುಚ್ಚು. ಒಂದು ಎತ್ತು, ಇನ್ನೊಂದು ಕಾರ ಹುಣ್ಣಿಮೆ. ರಾಯಚೂರಿನ ಕಾರ ಹುಣ್ಣಿಮೆ ನೋಡದವರಿಗೆ ಹೇಳುತ್ತೇನೆ. ಮುನ್ನೂರುಕಾಪು ಸಮಾಜದವರು ಮುಂಗಾರು ಹಬ್ಬ ಮಾಡುತ್ತಾರೆ. ಎತ್ತಿನ ಜೋಡಿಗಳು ಟನ್‌ಗಟ್ಟಲೆ ತೂಕದ ಕಲ್ಲು ಎಳೆಯುವ ಸ್ಪರ್ಧೆ ಅದರ ಜೀವ. ಗಂಜ್ ಮಾರುಕಟ್ಟೆಯ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಒಂದೂವರೆ ಟನ್, ಎರಡು ಟನ್, ದಿನದಿಂದ ದಿನಕ್ಕೆ ಕಲ್ಲು ದೊಡ್ಡದಾಗುತ್ತದೆ. ಬಾರಕೋಲಿನ ಸದ್ದು ನನಗೆ ಸೇರುವುದಿಲ್ಲ, ಅದಕ್ಕೇ ಹೋದರೂ ದೂರ ನಿಲ್ಲುತ್ತೇನೆ. ಮಾವ ಬಾರಕೋಲು ಮುಟ್ಟುವುದಿಲ್ಲ. ಅದಕ್ಕೇ ಅವನ ಎತ್ತು ಗೆಲ್ಲುವುದಿಲ್ಲ ಎಂದು ಊರವರು ಆಡಿಕೊಳ್ಳುತ್ತಾರೆ.

ಸಂಜೆ ಕೊಟ್ಟಿಗೆಯ ಮುಂದೆ ಕೂತು ನನ್ನ ಪ್ರತಾಪ ಹೇಳಿದೆ. ಚಪ್ಪಾಳೆ ಬಿದ್ದಿದ್ದನ್ನು ಸ್ವಲ್ಪ ಎಳೆದೇ ಹೇಳಿದೆ. ಮಾವ ಕೇಳಿದ್ದು ಒಂದೇ ಪ್ರಶ್ನೆ.

"ಮೇದು ಎಷ್ಟೊತ್ತಾಗಿತ್ತು?"

"ಏನು?"

"ತಿಂದು ಎಷ್ಟೊತ್ತಾಗಿತ್ತಲೇ ಅಳಿಯಾ?"

ಒಂದು ಗಂಟೆ ಎಂದೆ. ಮಾವ ತಲೆ ಚಚ್ಚಿಕೊಂಡ. "ಮೆಲುಕು ಹಾಕೋದು ಮುಗಿಯೋ ತನ ಎತ್ತಿನ ಹೆಗಲಿಗೆ ನೊಗ ಇಡಬಾರ್ದು. ಸಣ್ಣ ಹುಡುಗನ್ನ ಕೇಳು, ಹೇಳ್ತಾನ."

ಆಮೇಲೆ ಸುರುವಾಯಿತು. ಹೊಸ ಜೋಡಿಗೆ ಮೊದಲ ತಿಂಗಳು ಕಲ್ಲೇ ತೋರಿಸುವುದಿಲ್ಲವಂತೆ. ಬರೀ ನೊಗ ಹಾಕಿ ದಾರಿಯಲ್ಲಿ ನಡೆಸುವುದು. ಆಮೇಲೆ ಒಣ ದಿಮ್ಮಿ. ಆಮೇಲೆ ದಿಮ್ಮಿಯ ಮೇಲೆ ಒಂದು ಮೂಟೆ. ಹತ್ತು ಮಾರು ಎಳೆದರೆ ನಿಲ್ಲಿಸಿ, ಪಕ್ಕೆಯ ಏರಿಳಿತ ಇಳಿಯುವವರೆಗೆ ನಿಧಾನ ಅಡ್ಡಾಡಿಸುವುದು. ಬೆವತ ಎತ್ತಿಗೆ ಬಕೆಟ್ ತುಂಬ ನೀರು ಇಡುವ ಹಾಗಿಲ್ಲ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಮುಗಿಸಬೇಕು. ಮಾವ ಪೂರ್ತಿ ಹೊತ್ತು ನೋಡುವುದು ಎತ್ತಿನ ಕಾಲನ್ನಲ್ಲ, ಕಿವಿಯನ್ನು. "ಕಿವಿ ಜೋತು ಬಿತ್ತಂದ್ರ ಮುಗೀತು, ಬಿಚ್ಚಬೇಕು. ಇನ್ನೊಂದ್ ಸಲ ಅಂದೀ, ಅದು ನೊರೆ ಕಾರಿ ಮಲಕೋತದ."

"ಮಲಗಿದ್ರ?"

"ಮಲಗಿದ್ರ ಹಗ್ಗ ಹಿಡಿದಾಂವ ನಾಲ್ಕ್ ದಿನ ಊರಾಗ ಮಾರಿ ತೋರಸಂಗಿಲ್ಲ." ಒಂದು ಬೀಡಿ ಹಚ್ಚಿಕೊಂಡು ಕೇಳಿದ, "ನಿಮ್ಮಲ್ಲಿ ಚಪ್ಪಾಳೆ ಹೊಡೀತಾರೇನು?"

ನಾನು ಮಾತು ಬದಲಿಸಿದೆ.

ಸೋಮವಾರ ಮಿಲ್ಲಿಗೆ ಬಂದವನು ಹಮಾಲರನ್ನು ಮೊದಲ ಸಲ ಸರಿಯಾಗಿ ನೋಡಿದೆ. ಹದಿನಾರು ವರ್ಷದಿಂದ ಕಣ್ಣೆದುರೇ ಇದ್ದಾರೆ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಕೊಕ್ಕೆ ಹಾಕಿ ಬೆನ್ನಿಗೆ ಎಳೆದುಕೊಳ್ಳುವಾಗ ಪ್ರತಿಯೊಬ್ಬನ ಬಾಯಿಂದಲೂ 'ಹುಂಹ್' ಎಂದು ಗಾಳಿ ಹೊರಬರುತ್ತದೆ. ಉಸಿರು ಕಟ್ಟುವವನು ಒಬ್ಬನೂ ಇಲ್ಲ. ಚೀಲ ಹಾಕಿ ವಾಪಸು ಬರುವಾಗ ಅವಸರವಿಲ್ಲ, ನಿಲ್ಲುವುದೂ ಇಲ್ಲ, ತೂಗಾಡುತ್ತಾ ನಡೆದು ಬರುತ್ತಾರೆ. ಅದೇ ಅವರ ವಿಶ್ರಾಂತಿ. ಹಿರಿಯ ಹಮಾಲನನ್ನು ಕೇಳಿದೆ, ಹೊಸಬರಿಗೆ ವಾಂತಿ ಬರುತ್ತದಾ ಅಂತ. "ಬರ್ತದ್ರೀ ಗುಮಾಸ್ತ್ರೇ. ಅದಕ್ಕ ಮೊದಲು ಎಂಟ್ ದಿನ ಖಾಲಿ ಚೀಲ ಝಾಡಸಾಕ, ಹೊಲಿಗಿ ಹಾಕಾಕ ಬಿಡ್ತೀವಿ. ಒಮ್ಮಿಗೇ ಹೊರಿಸಿದ್ರ ಮರುದಿನ ಬರಂಗೇ ಇಲ್ಲ." ಮಧ್ಯಾಹ್ನದ ಲೋಡಿದ್ದರೆ ಅವರು ಒಂದೇ ರೊಟ್ಟಿ ತಿಂದು, ಮಜ್ಜಿಗೆ ಕುಡಿದು ಏಳುತ್ತಾರೆ. ಹೊಟ್ಟೆ ತುಂಬ ಊಟ ಕೆಲಸ ಮುಗಿದ ಮೇಲೆ.

ಹಮಾಲರ ಜೀವನ ಚಂದ ಅಂತ ಹೇಳುತ್ತಿಲ್ಲ. ಆ ಹಿರಿಯನ ಸೊಂಟ ನೆಟ್ಟಗಾಗುವುದಿಲ್ಲ, ಮೊಣಕಾಲಿಗೆ ಎಣ್ಣೆ ಬಟ್ಟೆ ಕಟ್ಟಿಕೊಂಡೇ ಬರುತ್ತಾನೆ. ನಾನು ದುಡ್ಡು ಕೊಟ್ಟು ಎತ್ತುವುದನ್ನು ಅವನು ದುಡ್ಡಿಗಾಗಿ ಎತ್ತುತ್ತಾನೆ. ಆ ಮಾತು ಇನ್ನೊಂದು ಬರಹಕ್ಕೆ ಇರಲಿ.

ಹತ್ತು ದಿನ ಬಿಟ್ಟು ಮತ್ತೆ ಜಿಮ್ಮಿಗೆ ಹೋದೆ. ಬೆಳಿಗ್ಗೆ ಆರಕ್ಕೆ. ಆ ಹೊತ್ತಿಗೆ ತಗಡು ತಣ್ಣಗಿರುತ್ತದೆ, ಹುಡುಗರು ಇನ್ನೂ ಎದ್ದಿರುವುದಿಲ್ಲ. ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು. ಹೆಗಲ ಮೇಲೆ ರಾಡು ಬೇಡ ಎಂದೆ. ಬೆಂಚಿನ ಮೇಲೆ ಕೂತು ಏಳುವುದು, ಕೈಯಲ್ಲಿ 5 ಕೆಜಿಯ ಒಂದೇ ಡಂಬೆಲ್. ಎಂಟು ಸಲ. ಇನ್ನೂ ನಾಲ್ಕು ಸಲ ಆಗುತ್ತದೆ ಅನ್ನುವಾಗಲೇ ಬಿಡುವುದು. ಗಡಿಯಾರ ನೋಡಿ ಮೂರು ನಿಮಿಷ ಅಡ್ಡಾಡುವುದು. ಮತ್ತೆ ಎಂಟು. ಅಲ್ಲಿಗೆ ಕಾಲಿನ ಕೆಲಸ ಮುಗಿಯಿತು. ಏಳುವಾಗ ಹಮಾಲರ ಹಾಗೆ 'ಹುಂಹ್' ಅನ್ನುತ್ತಿದ್ದೆ. ಪಕ್ಕದಲ್ಲಿ ವ್ಯಾಯಾಮ ಮಾಡುತ್ತಿದ್ದ ನಿವೃತ್ತ ಮೇಡಂ ಒಬ್ಬರು ಮೊದಲ ದಿನ ಗಾಬರಿಯಾಗಿ ನೋಡಿದರು.

ತರಬೇತಿಯ ಹುಡುಗನಿಗೆ ಇದು ರುಚಿಸಲಿಲ್ಲ. "ಅಣ್ಣ, ಇದು ವಾರ್ಮಪ್ಪೂ ಆಗಲ್ರಿ." ಇರಲಿ ಎಂದೆ. 5 ಕೆಜಿ ಡಂಬೆಲ್ ಹಿಡಿದು ಕನ್ನಡಿಯಲ್ಲಿ ನೋಡಿಕೊಳ್ಳಲು ನನಗೂ ನಾಚಿಕೆ ಆಗುತ್ತಿತ್ತು. ಅದೂ ಎಂಥ ಬಣ್ಣ ಅಂತೀರಿ, ಗುಲಾಬಿ.

ಮೂರನೇ ದಿನ ಎರಡನೇ ಸುತ್ತಿನ ನಡುವೆ ಆಕಳಿಕೆ ಬಂತು. ಈ ಸಲ ಗುರುತು ಸಿಕ್ಕಿತು. ಎತ್ತಿಗೆ ಕಿವಿ, ನನಗೆ ಆಕಳಿಕೆ! ಡಂಬೆಲ್ ಕೆಳಗಿಟ್ಟೆ. ಎರಡು ಸುತ್ತು ನಿಧಾನ ನಡೆದು, ನೆಲದ ಮೇಲೆ ಮಲಗಿ ಕಾಲುಗಳನ್ನು ಬೆಂಚಿನ ಮೇಲೆ ಎತ್ತಿಟ್ಟೆ. ಗುಟುಕು ಗುಟುಕಾಗಿ ನಿಂಬೆಹಣ್ಣಿನ ನೀರು ಕುಡಿದೆ. ಅದಕ್ಕೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ. (ಬಿಪಿ ಇದ್ದವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಕೊಳ್ಳಿ. ಸಕ್ಕರೆಯ ವಿಷಯ ನಾನೇ ಕೇಳಿಕೊಂಡೆ, ಚಮಚದ ತುದಿಯಷ್ಟು ಎಂದರು.) ಐದು ನಿಮಿಷಕ್ಕೆ ಹೊಟ್ಟೆ ತಣ್ಣಗಾಯಿತು. ಅವತ್ತಿಗೆ ಸಾಕು ಎಂದು ಮನೆಗೆ ಬಂದೆ.

ಮೂರು ವಾರ ಕಳೆಯುವಷ್ಟರಲ್ಲಿ ಆಕಳಿಕೆ ನಿಂತಿತ್ತು. ಮಲಗಿ ತಲೆ ಮೇಲೆ ಕೆಳಗೆ ಮಾಡುವ ಹೊಟ್ಟೆಯ ವ್ಯಾಯಾಮ ಮಾತ್ರ ಇವತ್ತಿಗೂ ಆಗಿಬರುವುದಿಲ್ಲ, ಜಾತ್ರೆಯ ತೊಟ್ಟಿಲಲ್ಲಿ ಕೂತಂತಾಗುತ್ತದೆ. ಬಿಟ್ಟುಬಿಟ್ಟಿದ್ದೇನೆ. ಆರನೇ ವಾರಕ್ಕೆ 12 ಕೆಜಿ ಹಿಡಿದು ಕೂತು ಏಳುತ್ತಿದ್ದೆ. ತೊಡೆ ಒಂದು ಬೆರಳೂ ದಪ್ಪವಾಗಿರಲಿಲ್ಲ, ಅಂಗಿಯೂ ಬಿಗಿಯಾಗಿರಲಿಲ್ಲ. ಮೊದಲ ವಾರಗಳಲ್ಲಿ ಹೆಚ್ಚುವ ಬಲ ಬಹುಪಾಲು ನರಗಳು ಕಲಿತಿದ್ದು. ಇರುವ ಸ್ನಾಯುವನ್ನೇ ಒಟ್ಟಿಗೆ ಎಬ್ಬಿಸಲು ಅವು ರೂಢಿ ಮಾಡಿಕೊಳ್ಳುತ್ತವೆ. ನೊಗ ಹಾಕಿ ಸುಮ್ನೆ ದಾರಿಯಲ್ಲಿ ನಡೆಸುವುದು ಅಂತ ಮಾವ ಹೇಳಿದ್ದು ಇದೇ ಇರಬೇಕು.

ಆಮೇಲೆ ಒಂದೇ ಒಂದು ಸಲ ಹೊಟ್ಟೆ ತೊಳಸಿದ್ದು ಶ್ರಾವಣ ಸೋಮವಾರ. ಉಪವಾಸ ಹಿಡಿದು, ಬರೀ ಚಹಾ ಕುಡಿದು ಹೋಗಿದ್ದೆ. ತುಂಬಿದ ಹೊಟ್ಟೆಯಷ್ಟೇ ಖಾಲಿ ಹೊಟ್ಟೆಯೂ ಕೆಟ್ಟದ್ದು ಅಂತ ಅವತ್ತು ಗೊತ್ತಾಯಿತು. ದೇವರ ಕೋಪ ಅಂದಳು ಹೆಂಡತಿ. ಬಾಳೆಹಣ್ಣು ಉಪವಾಸಕ್ಕೆ ನಡೆಯುತ್ತದೆ ಅಂತಲೂ ಅವಳೇ ಹೇಳಿದಳು.

ಅದಕ್ಕೂ ಮೊದಲು, ಕಾರ ಹುಣ್ಣಿಮೆಗೆ ಮಾವ ರಾಯಚೂರಿಗೆ ಬಂದಿದ್ದ. ಈ ಸಲವೂ ಗೆಲ್ಲಲಿಲ್ಲ. ಅರ್ಧ ದಾರಿಯಲ್ಲಿ ಎಡಗಡೆಯ ಎತ್ತಿನ ಕಿವಿ ನೋಡಿ ತಾನೇ ನೊಗ ಬಿಚ್ಚಿಸಿದ. ಜನ ಕೂಗಿದರು, ಅವನು ಕೇಳಿಸಿಕೊಳ್ಳಲಿಲ್ಲ. ಮರುದಿನ ಅವನನ್ನು ಕೋಟೆಗೆ ಕರೆದುಕೊಂಡು ಹೋದೆ. 1294ರಲ್ಲಿ ಕಟ್ಟಿದ ಕೋಟೆ. ಗೋಡೆಯಲ್ಲಿ ಒಂದೇ ಕಲ್ಲು 41 ಅಡಿಗಿಂತ ಉದ್ದ ಇದೆ, ಅದರ ಮೇಲೆ ತೆಲುಗು ಶಾಸನ. ಹತ್ತಿರದಲ್ಲೇ ಆ ಕಲ್ಲನ್ನು ಬಂಡಿಯ ಮೇಲೆ ತಂದ ಚಿತ್ರವನ್ನೂ ಗೀರಿದ್ದಾರೆ. ಮುಂದೆ ಕೋಣಗಳ ಉದ್ದ ಸಾಲು. ನಾನು ಕಲ್ಲು ನೋಡಿ ಬೆರಗಾಗುತ್ತಿದ್ದರೆ ಮಾವ ಚಿತ್ರದ ಹತ್ತಿರ ಬಗ್ಗಿ ಕೋಣ ಎಣಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಂದಿನ ಗಾಲಿಯ ಕಡೆ ಬೆರಳು ತೋರಿಸಿದ.

"ಇಲ್ಲಿ ನೋಡಲೇ. ಹಿಂದ ಮಂದಿ ಮೀಟಗೋಲು ಹಾಕಿ ತಳ್ಳಕತ್ತಾರ. ಪೂರಾ ಕೋಣದ ಮ್ಯಾಲ ಬಿಟ್ಟಿಲ್ಲ."

ಊರಿಗೆ ಹೋದ ಮೇಲೂ ಭಾನುವಾರ ಫೋನ್ ಮಾಡುತ್ತಾನೆ. ಎತ್ತಿನ ಸುದ್ದಿ ಮುಗಿದ ಮೇಲೆ ನನ್ನ ಸರದಿ. ಮೇವು ಹೆಂಗದ, ನೀರು ಹೆಂಗ ಕುಡೀತೀ, ನಿದ್ದಿ ಬರ್ತದೇನು, ಹಿಂದಕ ಸರಿಯಾಗಿ ಹೋಗ್ತೀಯೋ ಇಲ್ಲೋ, ಇದೇ ಕ್ರಮ. ಕೊನೆಗೆ ಭಾರ ಎಷ್ಟಾಯಿತು ಅಂತ ಕೇಳುತ್ತಾನೆ. ಹೋದ ವಾರ 20 ಕೆಜಿ ಎಂದೆ, ಸ್ವಲ್ಪ ಗತ್ತಿನಿಂದಲೇ.

"ಇಪ್ಪತ್ತಾ?" ಅಂದ ಮಾವ. "ಮೊನ್ನಿ ಹುಟ್ಟಿದ ಕರಾನೇ ಅದಕಿಂತ ಜಾಸ್ತಿ ಅದಲೋ."